ನಾನು ಮೀಟರ್ ಇಟ್ಟ ಗಡಿಯಾರಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಘಾಜಿಯಾಬಾದಿನ ಸಣ್ಣ ಕಾರ್ಖಾನೆಯೊಂದರಲ್ಲಿ ಮೇಜಿನ ಗಡಿಯಾರಗಳನ್ನು ಪರೀಕ್ಷಿಸುತ್ತಿದ್ದೆ. ಮುಳ್ಳುಗಳಿಲ್ಲದ, ಎಲ್‌ಸಿಡಿ ಅಂಕಿಗಳ ಗಡಿಯಾರ. ಆಗಿನ ಕಾಲಕ್ಕೆ ಅದು ತೀರಾ ಹೊಸದು. ದಿಲ್ಲಿಯಿಂದ ಷಟಲ್ ರೈಲಿನಲ್ಲಿ ಜೋತುಬಿದ್ದು ಬರುತ್ತಿದ್ದ ನನಗೆ ಆ ಬಗ್ಗೆ ಜಂಬವೂ ಇತ್ತು.

ಅದಕ್ಕೆ ಹೊರಗಿನಿಂದ ಕೊಡುತ್ತಿದ್ದದ್ದು ಒಂದೂವರೆ ವೋಲ್ಟಿನ ಒಂದು ಸೆಲ್ ಅಷ್ಟೇ. ಮಿಕ್ಕಿದ್ದನ್ನೆಲ್ಲ ಚಿಪ್ಪು ಒಳಗೇ ನೋಡಿಕೊಳ್ಳುತ್ತಿತ್ತು. ಕಾಲ ಎಣಿಸುವ ಆಸಿಲೇಟರಿಗೆ ಸೆಲ್ಲಿಗಿಂತ ಕಡಿಮೆ ವೋಲ್ಟೇಜು; ಆ ಆಸಿಲೇಟರಿನ ಮಿಡಿತದ ಬಲದಿಂದಲೇ ಅಂಕಿಗಳಿಗೆ ಇಮ್ಮಡಿ ವೋಲ್ಟೇಜು. ಮಿಡಿತ ನಿಂತರೆ ಅಂಕಿಗಳೂ ಮಾಯ.

ಬೆಸುಗೆ ಹಾಕುವ ಹುಡುಗಿಯರ ಸಾಲಿಗೆ ಒಬ್ಬ ಕನ್ನಡದವಳನ್ನು ಸೇರಿಸಿದ್ದು ನಾನೇ. ಕರಾವಳಿಯ ಕಡೆಯವಳು, ನನ್ನದೇ ವಯಸ್ಸು. ಅವಳ ಅಪ್ಪ ದಿಲ್ಲಿಯ ಹೋಟೆಲೊಂದರಲ್ಲಿ ಅಡುಗೆಯವರು, ಅಮ್ಮ ಅಲ್ಲೇ ಹಿಟ್ಟು ರುಬ್ಬುತ್ತಿದ್ದರು. ಮೂರು ತಿಂಗಳು ಕೆಲಸ ನೋಡಿ ಖಾಯಂ ಮಾಡುವುದು ಕಾರ್ಖಾನೆಯ ಪದ್ಧತಿ. “ಇಲ್ಲಿ ಆಗದಿದ್ರೆ ನನಗೂ ರುಬ್ಬುವ ಕಲ್ಲೇ ಗತಿ ಮಾರಾಯ್ತಿ” ಎಂದು ರೈಲಿನಲ್ಲಿ ನಗುನಗುತ್ತಲೇ ಹೇಳಿದ್ದಳು. ನಗುವ ಮಾತಲ್ಲ ಅದು ಎಂದು ನನಗೆ ಗೊತ್ತಿತ್ತು.

ಗೊತ್ತಿದ್ದೂ ನಾನು ಮಾಡಿದ್ದೇನು? ‘ತನ್ನ ಭಾಷೆಯವಳೆಂದು ಬಿಟ್ಟಳು’ ಎಂದು ಯಾರೂ ಬೆರಳು ತೋರಿಸಬಾರದಲ್ಲ! ಉಳಿದವರ ಗಡಿಯಾರಗಳಲ್ಲಿ ಅಂಕಿ ಸರಿಯಾಗಿ ಓಡಿದರೆ ಪಾಸು ಮಾಡುತ್ತಿದ್ದೆ. ಅವಳದ್ದಕ್ಕೆ ಮಾತ್ರ, ಯಾರೂ ಹೇಳದಿದ್ದರೂ, ಆಸಿಲೇಟರಿನ ವೋಲ್ಟೇಜು ಹೊರಬರುವ ಚಿಪ್ಪಿನ ಲೋಹದ ಕಾಲಿಗೂ ಮೀಟರಿನ ಕಡ್ಡಿ ಮುಟ್ಟಿಸಿ ಅಳೆಯುತ್ತಿದ್ದೆ. ಮೀಟರಿನ ಮುಳ್ಳು ಅರೆಬರೆ ಏಳುತ್ತಿತ್ತು, ಅಂಕಿಗಳು ಮಂಕಾಗಿ ಅಳಿಸಿಹೋಗುತ್ತಿದ್ದವು. ಸೆಲ್ ಕಿತ್ತು, ‘ಬೆಸುಗೆ ದೋಷ’ ಎಂದು ಚೀಟಿ ಅಂಟಿಸುತ್ತಿದ್ದೆ. ಅವಳು ತಲೆ ತಗ್ಗಿಸಿ ಮತ್ತೆ ಬೆಸುಗೆ ಹಾಕುತ್ತಿದ್ದಳು. ನಾನು ಮತ್ತೆ ಮುಟ್ಟಿಸುತ್ತಿದ್ದೆ.

ಮೂರನೆಯ ತಿಂಗಳು ಮುಗಿದ ಶನಿವಾರ ಅವಳನ್ನು ಕಳಿಸಿಬಿಟ್ಟರು. ಆ ಸಂಜೆ ರೈಲಿನಲ್ಲಿ ಅವಳು ಬೇರೆ ಡಬ್ಬಿ ಹತ್ತಿದಳು.

ಸೋಮವಾರ ಅವಳ ಗಡಿಯಾರಗಳನ್ನು ಬಿಚ್ಚಿ ದೋಷ ಹುಡುಕುವ ಕೆಲಸ ನನಗೇ ಬಂತು. ಮೊದಲನೆಯದಕ್ಕೆ ಸೆಲ್ ಹಾಕಿದೆ. ಓಡಿತು. ಎರಡನೆಯದೂ ಓಡಿತು. ಮಧ್ಯಾಹ್ನದ ಹೊತ್ತಿಗೆ ಮೇಜಿನ ತುಂಬ ಸರಿಯಾದ ಹೊತ್ತು ತೋರಿಸುವ ಗಡಿಯಾರಗಳು. ಒಂದಕ್ಕೆ ಮೀಟರ್ ಮುಟ್ಟಿಸಿದೆ, ಅಂಕಿ ಅಳಿಸಿತು. ನಾನೇ ಪಾಸು ಮಾಡಿದ್ದ ಬೇರೆ ಹುಡುಗಿಯ ಗಡಿಯಾರ ತಂದು ಅದಕ್ಕೂ ಮುಟ್ಟಿಸಿದೆ. ಅದೂ ಸತ್ತಿತು. ಒಬ್ಬರಿಗಾಗುವಷ್ಟೇ ಮಾಡಿದ ಅನ್ನಕ್ಕೆ ಇನ್ನೊಬ್ಬರು ಕೈಹಾಕಿದಂತೆ, ಆಸಿಲೇಟರಿಗೆಂದೇ ಇದ್ದ ಆ ಚೂರು ಶಕ್ತಿಯನ್ನು ನನ್ನ ಮೀಟರೇ ಹೀರಿಕೊಳ್ಳುತ್ತಿತ್ತು.

ಸೂಪರ್‌ವೈಸರಿಗೆ ಎಲ್ಲ ಹೇಳಿದೆ. “ಅಚ್ಛಾ, ಇನ್ನು ಮೇಲೆ ಅಲ್ಲಿ ಅಳೀಬೇಡಿ” ಎಂದರು ಅಷ್ಟೇ. ಅವಳ ಜಾಗಕ್ಕೆ ಬೆಳಿಗ್ಗೆಯೇ ಇನ್ನೊಬ್ಬಳು ಬಂದು ಕೂತಾಗಿತ್ತು.

ಭಾನುವಾರ ಆ ಹೋಟೆಲಿಗೆ ಹೋದೆ. ಅವಳು ಅಡುಗೆಮನೆಯ ಹಿಂಬಾಗಿಲಿಗೆ ಬಂದಳು, ಮೊಣಕೈವರೆಗೂ ಉದ್ದಿನ ಹಿಟ್ಟು. ನಿಂತಲ್ಲೇ ಎಲ್ಲವನ್ನೂ ಒದರಿದೆ. ತಪ್ಪು ನನ್ನದು, ನಿನ್ನ ಬೆಸುಗೆಯಲ್ಲಿ ಒಂದೇ ಒಂದು ದೋಷವಿರಲಿಲ್ಲ ಎಂದೆ. ಕಣ್ಣೀರು ನನಗೇ ಬಂತು. ನಾಚಿಕೆಗೇಡು.

ಅವಳು ಕೈಗಂಟಿದ ಹಿಟ್ಟನ್ನು ಬೆರಳಿನಿಂದ ಕೆರೆದು ತೆಗೆದಳು.

“ಬೇರೆಯವರ ಗಡಿಯಾರಕ್ಕೆ ಅಲ್ಲಿ ಮುಟ್ಟಿಸ್ತಾ ಇರ್ಲಿಲ್ಲ ನೀನು. ನಾನು ದಿನಾ ನೋಡ್ತಿದ್ದೆ” ಎಂದಳು.

“ಮತ್ತೆ ಯಾಕೆ ಕೇಳಲಿಲ್ಲ?”

“ಕೇಳ್ಲಿಕ್ಕೆ ಏನುಂಟು? ನನ್ನನ್ನು ತೆಗೀಲಿಕ್ಕೇ ಹಾಗೆ ಮಾಡ್ತಿದ್ದೀ ಅಂತ ತಿಳ್ಕೊಂಡಿದ್ದೆ.”