ಸಮುದ್ರಮಟ್ಟದಲ್ಲಿ ಏಳು ವಾರ

ಟಿ. ನಗರದ ಅಂಗಡಿಯೊಂದರಲ್ಲಿ ಸೀರೆ ನೋಡುತ್ತಿದ್ದೆ. ಬಲಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆಯಂಥದ್ದೇನೋ ಇಳಿಯಿತು. ಕರೆಂಟು ಹೋಯಿತೇನೋ ಎಂದುಕೊಂಡೆ. ಸಂಜೆ ಹೊತ್ತಿಗೆ, ಎಡಗಣ್ಣು ಮುಚ್ಚಿ ನೋಡಿದರೆ ಎದುರು ಕೂತಿದ್ದ ನನ್ನವರ ಅರ್ಧ ಮುಖವೇ ಇರಲಿಲ್ಲ.

ರೆಟಿನಾ ಡಿಟ್ಯಾಚ್‌ಮೆಂಟ್.

ಮರುದಿನವೇ ಆಪರೇಷನ್. ಕಳಚಿದ ರೆಟಿನಾ ಅಂಟಿಕೊಳ್ಳಲೆಂದು ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಕರಗಲು ಆರೇಳು ವಾರ ಬೇಕು. ಅಲ್ಲಿಯವರೆಗೆ ವಿಮಾನ ಹತ್ತಬಾರದು. ಮೊದಲ ಎರಡು ವಾರವಂತೂ ಸದಾ ಮುಖ ಕೆಳಗೆ. ಮಾಧವರಂನ ನಮ್ಮ ಮನೆಯಲ್ಲಿ ಮೇಜಿಗೆ ಹಣೆ ಕೊಟ್ಟು ಕೂತೆ. ಯಾರು ಬಂದರೂ ಕಾಣುತ್ತಿದ್ದುದು ಪಾದಗಳು ಮಾತ್ರ.

ನಾಲ್ಕನೆಯ ದಿನ ಬೆಂಗಳೂರಿನಿಂದ ಫೋನ್. ಅಕ್ಕನ ಮೆದುಳಿನಲ್ಲಿ ಗೆಡ್ಡೆ. ಹತ್ತು ದಿನದಲ್ಲಿ ಸರ್ಜರಿ. ಮಾತಿನ ಜಾಗದ ಪಕ್ಕದಲ್ಲೇ ಇರುವುದರಿಂದ ಆಮೇಲೆ ಮಾತು ಉಳಿಯುವ ಭರವಸೆ ಇಲ್ಲ ಎಂದರಂತೆ.

ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಜಡೆ ಹಾಕಿ, ಬೈದು, ಬೆಳೆಸಿದವಳು ಅವಳೇ. ಸರ್ಜರಿಗೆ ಮೊದಲು ಒಮ್ಮೆ ಅವಳೆದುರು ಕೂತು ಮಾತಾಡಲೇಬೇಕಿತ್ತು.

ಮಗಳು ಮೊಬೈಲಿನಲ್ಲಿ ಹುಡುಕಿ, "ಫ್ಲೈಟ್ ಒನ್ ಅವರ್ ದಾನ್ ಮಾ," ಒಂದೇ ಗಂಟೆ ಎಂದು ತಮಿಳಿನಲ್ಲಿ ಅಂದವಳು, ಗ್ಯಾಸ್ ನೆನಪಾಗಿ ತಕ್ಷಣ ಆ ಪುಟ ಮುಚ್ಚಿದಳು. ವಿಮಾನ ಆಗದಿದ್ದರೇನು, ಮುನ್ನೂರೈವತ್ತು ಕಿಲೋಮೀಟರ್ ತಾನೆ ಎಂದು ನನ್ನವರು ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದರು. ಐದಾರು ಗಂಟೆ ತಲೆ ತಗ್ಗಿಸಿ ಕೂರುವುದು ನನಗೇನೂ ಹೊಸದಲ್ಲ.

ಚೆಕಪ್‌ನಲ್ಲಿ ಡಾಕ್ಟರಿಗೆ ಜಾಣೆಯ ಹಾಗೆ ಹೇಳಿಯೂ ಬಿಟ್ಟೆ. ಆಕೆ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮೂರು ಕಡಲ ದಡದಲ್ಲಿದೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಮೇಲಿದೆ. ರೈಲಿನಲ್ಲಿ ಹೋದರೂ ಏರುವುದು ಏರುವುದೇ. ಗ್ಯಾಸ್ ಹಿಗ್ಗಿ ಪ್ರೆಶರ್ ಹೆಚ್ಚಿದರೆ ಕಣ್ಣೇ ಹೋಗಬಹುದು.

ದಾರಿಯೇ ಇರಲಿಲ್ಲ.

ಮೂವತ್ತು ವರ್ಷ ಓಡಾಡಿದ ಹಾದಿ ಅದು. ಬೆಂಗಳೂರು ಬಂತೆಂದರೆ ತಂಪು ಎಂದಷ್ಟೇ ಗೊತ್ತಿದ್ದ ನಮಗೆ, ಅಷ್ಟು ಎತ್ತರ ಹತ್ತುತ್ತಿದ್ದೇವೆ ಎಂಬುದು ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಕಣ್ಣು ಹಾಳಾಗಿ ಹೋಗಲಿ, ಹೋಗೇ ಹೋಗುತ್ತೇನೆ ಎಂದು ನನ್ನವರ ಮೇಲೆ ರೇಗಿದೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿ ಅತ್ತೆ.

"ನೀನು ಹತ್ತೋ ಹಾಗಿಲ್ಲ, ಅಷ್ಟೇ ತಾನೆ?" ಎಂದಳು. "ನಾನು ಇಳೀಬಹುದಲ್ಲ."

ಅವಳ ಡಾಕ್ಟರು ಗೊಣಗಿಕೊಂಡೇ ಒಪ್ಪಿದರಂತೆ. ಎರಡು ದಿನ ಕಳೆದು, ತನ್ನ ಅಳಿಯನ ಕಾರಿನಲ್ಲಿ ಏಳು ಗಂಟೆ ಕೂತು ಬಂದಳು. ನನಗೆ ಕಂಡದ್ದು ಕಾಲುಂಗುರ, ಒಡೆದ ಹಿಮ್ಮಡಿ. ತಲೆ ಎತ್ತುವಂತಿರಲಿಲ್ಲ. ಅರವತ್ತಮೂರು ವರ್ಷದ ಅಕ್ಕ ಮೇಜು ಸರಿಸಿ, ಚಾಪೆ ಹಾಸಿ, ಸರಿಯಾಗಿ ನನ್ನ ಮುಖದ ಕೆಳಗೆ ಅಂಗಾತ ಮಲಗಿದಳು.

"ಮೂಗಿನೊಳಗಿನ ಕೂದಲೆಲ್ಲಾ ಕಾಣ್ತಿದೆ ಕಣೇ," ಎಂದಳು. "ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತು?"

ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಕಣ್ಣೀರು ಅವಳ ಹಣೆಯ ಮೇಲೆ ಬಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಬೈದಳು. ಅರ್ಧ ಗಂಟೆ ಬೈದಳು.

ಅವಳ ಸರ್ಜರಿ ಆಗಿ ಐದು ವಾರವಾಯಿತು. ಜೀವಕ್ಕೆ ಭಯವಿಲ್ಲ. ಸ್ಪೀಚ್ ಥೆರಪಿ ನಡೆದಿದೆ. ಇಲ್ಲಿಯವರೆಗೆ "ನೀರು", "ಬೇಡ" ಎರಡೇ ಪದ ಬಂದಿವೆ. ನನ್ನ ಕಣ್ಣು ಉಳಿದಿದೆ, ಅಕ್ಷರಗಳು ತುಸು ಡೊಂಕಾಗಿ ಕಾಣುತ್ತವೆ. ಗ್ಯಾಸ್ ಪೂರ್ತಿ ಕರಗಿದೆ, ಇನ್ನು ಹೋಗಬಹುದು ಎಂದು ನಿನ್ನೆ ಡಾಕ್ಟರ್ ಹೇಳಿದರು.

ನಾಳೆ ಹೊರಡುತ್ತೇನೆ. ನನ್ನನ್ನು ಬೈಯಲು ಅವಳಿಗೆ ಮಾತು ಸಿಗುವವರೆಗೂ ಪಕ್ಕದಲ್ಲೇ ಕೂತಿರುತ್ತೇನೆ.