ಎರಡು ಬೆರಳು ಕಡಿಮೆ

ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಪಾಸಾಗಿ, ಬೈಲಹೊಂಗಲದ ಕೈಗಾರಿಕೆ ಸಾಲೆಗೆ ಮಾಸ್ತರನಾಗಿ ಬಂದ ಹೊಸದರಲ್ಲಿ ನನಗಿದ್ದ ಸೊಕ್ಕು ಅಷ್ಟಿಷ್ಟಲ್ಲ. ಎಂಟು ಮಂದಿ ತರುಣರು ನನ್ನ ಶಿಷ್ಯರು. ಕರಿಹಲಗೆಯ ಮೇಲೆ ಯಂತ್ರಗಳ ಚಿತ್ರ ಬಿಡಿಸಿ ಬಿಡಿಸಿ ನನ್ನ ಅಂಗಿಗೆ ಸುಣ್ಣ ಬಳಿದ ಹಾಗಿರುತ್ತಿತ್ತು. ಆದರೆ ಒಂದು ಯಂತ್ರವನ್ನೂ ಅವರಾಗಲಿ ನಾನಾಗಲಿ ಕೈಯಿಂದ ಮುಟ್ಟಿರಲಿಲ್ಲ. ಅದೊಂದು ಕೊರತೆಯೆಂದು ನನಗೆ ಹೊಳೆದೂ ಇರಲಿಲ್ಲ.

ಕಲಿತ ಮೇಲೆ ಅವರಿಗೆ ಕೆಲಸ ಸಿಗಬಹುದಾದ ಜಾಗ ಊರಲ್ಲಿ ಒಂದೇ, ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ, ಜಿನ್ನು. ಸುಗ್ಗಿಯಲ್ಲಿ ಇವರಿಗೆ ಎಂಜಿನ್ನಿನ ಕೆಲಸ ಕಲಿಸಿರಿ ಎಂದು ಅದರ ಸಾವುಕಾರರನ್ನು ಕೇಳಿದೆ. ಅವರು ಎಲೆಅಡಿಕೆ ಮೆಲ್ಲುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪುಸ್ತಕದ ಬದನಿಕಾಯಿ ಪಲ್ಯಾಕ್ಕ ಬರೂದಿಲ್ರಿ ಮಾಸ್ತರ. ನಮ್ಮ ಬಂಡಿಯ ಒಂದು ಗಾಲಿಗೆ ಕಬ್ಬಿಣದ ಪಟ್ಟಾ ಕೂಡಸ್ರಿ. ಸವದತ್ತಿಗೆ ಹೋಗಿ ಬರೂತನಾ ತಡೀತಂದ್ರ ಎಂಟೂ ಮಂದೀನ ಕಳಸ್ರಿ. ಇಲ್ಲಾಂದ್ರ ಮತ್ತ ಈ ಮಾತು ತಗೀಬ್ಯಾಡ್ರಿ."

ಇಷ್ಟೇನಾ ಎನಿಸಿತು. ಕಂಬಾರನ ಕುಲುಮೆಗೆ ಶಿಷ್ಯರನ್ನು ಕರೆದೊಯ್ದು, ಗಾಲಿಯ ಸುತ್ತಳತೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಲೆಕ್ಕ ಹಾಕಿದೆ. ಅಷ್ಟೇ ಉದ್ದಕ್ಕೆ ಪಟ್ಟಾ ಕತ್ತರಿಸು ಎಂದಾಗ ಮುದುಕ ಕಂಬಾರ ತಲೆ ಕೆರೆದುಕೊಂಡ.

"ಎರಡ ಬೆರಳ ಕಡಿಮಿ ಇರಲ್ರೀ ಮಾಸ್ತರ."

"ಅಜ್ಜಾ, ಲೆಕ್ಕಾ ಎಂದೂ ಸುಳ್ಳ ಹೇಳೂದಿಲ್ಲ" ಎಂದೆ.

ತುದಿಗಳನ್ನು ಬೆಸೆದು ಬಳೆ ಮಾಡಿ ಕೆಂಪಗೆ ಕಾಸಿದ ಪಟ್ಟಾ ಸಲೀಸಾಗಿ ಗಾಲಿಗೆ ಇಳಿಯಿತು. ಶಿಷ್ಯರು ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ಸಾವುಕಾರರೇ ಬಂಡಿಯಲ್ಲಿ ಕುಳಿತು ಹೊರಟರು. ನಾವು ಹಿಂದೆ ನಡೆದೆವು. ಊರು ದಾಟುವಷ್ಟರಲ್ಲಿ ಪಟ್ಟಾ ಗಾಲಿಯನ್ನು ಬಿಟ್ಟು ತಾನೇ ಉರುಳುತ್ತ ಜೋಳದ ಹೊಲ ಹೊಕ್ಕಿತು. ಸಾವುಕಾರರು ನಕ್ಕ ನಗೆಗೆ ಎತ್ತುಗಳು ಬೆದರಿದವು.

ಪಟ್ಟಾ ಹೊತ್ತು ತಂದ ಶಿಷ್ಯನೊಬ್ಬ ನನ್ನ ಮುಖ ನೋಡದೆ ಕೇಳಿದ: "ಕಾಸಿದ ಕಬ್ಬಿಣ ಹಿಗ್ಗತೈತಿ, ಆರಿದ ಮ್ಯಾಲ ಕುಗ್ಗತೈತಿ ಅಂತ ನೀವ ಕಲಿಸಿದ್ರಲ್ರೀ? ಗಾಲಿಗೆ ಸರಿಯಾಗಿ ಕತ್ತರಿಸಿದ್ರ ಬಿಗಿ ಹೆಂಗ ಬರತೈತ್ರಿ?"

ಕಲಿಸಿದ್ದೆ. ಹದಿನೈದು ದಿನ ಗಂಟಲು ಹರಿದುಕೊಂಡು ಕಲಿಸಿದ್ದೆ. ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು. ನನ್ನ ಸೊಕ್ಕಿನಿಂದ ಎಂಟು ಮಂದಿಯ ಹೊಟ್ಟೆಪಾಡು ಹಾಳಾಗುತ್ತಿತ್ತು. ಇನ್ನೊಂದು ಸರ್ತಿ ನೋಡಿರೆಂದು ಸಾವುಕಾರರಿಗೆ ಕೈಮುಗಿದೆ. ನಗುತ್ತಲೇ ಹೂಂ ಎಂದರು.

ಕುಲುಮೆಗೆ ಹೋಗಿ, "ಅಜ್ಜಾರ, ಇವತ್ತ ನೀವ ಮಾಸ್ತರು" ಎಂದೆ. ಮುದುಕನಿಗೆ ಎಷ್ಟು ಸಂಕೋಚವೋ ಅಷ್ಟೇ ಖುಷಿ. ದಾರದಿಂದ ಗಾಲಿ ಅಳೆದು, ಎರಡು ಬೆರಳು ಬಿಟ್ಟು, ಅಷ್ಟಕ್ಕೆ ಪಟ್ಟಾ ಕತ್ತರಿಸಿದ. ತಿದಿ ಒತ್ತುವುದು ನನ್ನ ಪಾಲಿಗೆ ಬಂತು. "ಕೈ ನಿಲ್ಲಸಬ್ಯಾಡ್ರಿ, ಒತ್ರಿ!" ಎಂದು ಎಲ್ಲರೆದುರು ಗದರಿಸಿದ. ಬಿಸಿ ಪಟ್ಟಾ ಹೊಡೆದು ಕೂಡಿಸಿ ನೀರು ಹೊಯ್ದಾಗ ಗಾಲಿಯ ಕಟ್ಟಿಗೆ ಕಿರುಗುಟ್ಟಿ ಬಿಗಿಯಿತು. ಅಂಥ ಸಪ್ಪಳ ನಮ್ಮ ಸಾಲೆಯಲ್ಲಿ ಎಂದೂ ಕೇಳಿರಲಿಲ್ಲ.

ಮೂರನೆಯ ದಿನ ಬಂಡಿ ಸವದತ್ತಿಯಿಂದ ಹತ್ತಿ ಹೇರಿಕೊಂಡು ಬಂತು. ಸಾವುಕಾರರು ಗಾಲಿಯನ್ನು ಒದ್ದು ನೋಡಿದರು. ಪಟ್ಟಾ ಅಲುಗಲಿಲ್ಲ.

"ಕಳಸ್ರಿ ನಿಮ್ಮ ಎಂಟೂ ಮಂದೀನ" ಎಂದರು. ನನ್ನ ಕಣ್ಣು ತುಂಬಿ ಬಂತು. ಹೊರಟವನನ್ನು ಮತ್ತೆ ಕರೆದರು.

"ಎಂಜಿನ್ ಮುಟ್ಟೂದು ನಿಮಗೂ ಕಲಿಯೂದೈತಿ. ನಾಚಬ್ಯಾಡ್ರಿ, ಅವರ ಜೋಡಿ ಬರ್ರಿ."

ಸೋಮವಾರ ಜಿನ್ನಿನ ಬಾಗಿಲಲ್ಲಿ ಎಂಟು ಜನರ ಹಿಂದೆ, ಸಾಲಿನ ಕೊನೆಗೆ, ನಾನೂ ನಿಂತೆ.