ಗುಳುಗುಳು ನಿಂತ ದಿನ

ಉಸಿರಾಡಲು ತಿಣುಕುವ ನವಜಾತ ಶಿಶುವಿನ ಗಂಟಲಿಗೆ ನಳಿಕೆ ಇಳಿಸುವುದೇ ಜಾಣತನವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಮೂಗಿನ ಮೂಲಕ ಹದವಾಗಿ ಗಾಳಿ ಕೊಟ್ಟು ಉಸಿರಿಗೆ ಆಸರೆಯಾದರೆ ಬಹಳಷ್ಟು ಮಕ್ಕಳಿಗೆ ಅಷ್ಟೇ ಸಾಕೆಂದು ಹಟ ಹಿಡಿದು ಸಾಧಿಸಿ ತೋರಿಸಿದವರು ನಮ್ಮ ದೊಡ್ಡ ಡಾಕ್ಟರಮ್ಮನವರು. ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ವಾರ್ಡಿನ ಹಿರಿಯ ನರ್ಸಾದ ನನ್ನ ಪಾಲಿಗೆ ಬಂದಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ; ಅವರಿಗೆ ಮಕ್ಕಳ ಮೂಗಿನ ಮೇಲೇ ಕಣ್ಣು. ಆದರೂ ಇಷ್ಟು ವರ್ಷ ಒಟ್ಟಿಗೆ ಏಗಿದೆವು.

ನಮ್ಮ ಸಾಧನ ಬಲು ಸರಳ. ಒಂದು ಕೊಳವೆ ಮಗುವಿನ ಮೂಗಿಗೆ ಗಾಳಿ ತರುತ್ತದೆ; ಮೂಗಿನಿಂದ ಹೊರಟ ಇನ್ನೊಂದು ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಒತ್ತಡ ಸರಿಯಿದ್ದರೆ ನೀರು ಗುಳುಗುಳು ಎನ್ನುತ್ತದೆ. ರೌಂಡ್ಸಿಗೆ ಬಂದ ಡಾಕ್ಟರಮ್ಮ ಮೊದಲು ಬಾಗಿಲಲ್ಲೇ ನಿಂತು ಆ ಸದ್ದನ್ನು ಆಲಿಸುವರು. ಅಲ್ಲಿಯವರೆಗೆ ಯಾರೂ ತುಟಿಪಿಟಿಕ್ಕೆನ್ನುವಂತಿಲ್ಲ. "ಕೊಳವೆ ಬಿಗಿದ್ರೆ ಮೂಗು ಹೋಗತ್ತೆ, ಸಡಿಲ ಬಿಟ್ರೆ ಗಾಳಿ ಹೋಗತ್ತೆ, ನೋಡ್ಕೊಳ್ರಮ್ಮ" ಎಂಬುದು ಅವರ ನಿತ್ಯಪಾಠ. ಬಸುರಿಯಾಗಿದ್ದ ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ತಾವು ನಿಂತೇ ಬರೆಯುತ್ತಿದ್ದುದನ್ನು ನಾನು ಮರೆಯಲಾರೆ.

ಕೆಲವು ವರ್ಷಗಳ ಹಿಂದೆ, ದಿನ ತುಂಬುವ ಮುನ್ನವೇ ಹುಟ್ಟಿದ ಹೆಣ್ಣುಮಗುವೊಂದು ನಮ್ಮಲ್ಲಿಗೆ ಬಂದಿತು. ಉಸಿರೆಳೆದಾಗಲೆಲ್ಲ ಎದೆ ಗುಳಿಬೀಳುತ್ತಿತ್ತು. ತಂದೆ ಪ್ಲಂಬರ್. ಬಾಟಲಿಯ ಸದ್ದು ಕೇಳಿದ್ದೇ ತಡ, "ಸಿಸ್ಟರ್, ಪೈಪಿಗೆ ಗಾಳಿ ಸೇರ್ಕೊಂಡಿದೆ, ತಡೀರಿ ಸರಿ ಮಾಡ್ತೀನಿ" ಎಂದು ಕೊಳವೆಗೇ ಕೈಹಾಕಿದ! ಅಯ್ಯೋ ದೇವರೇ! ನಾನು ಹೌಹಾರಿ ಆ ಕೈಗೊಂದು ಏಟು ಕೊಟ್ಟೇಬಿಟ್ಟೆ. ಡಾಕ್ಟರಮ್ಮ ಮಾತ್ರ ನಕ್ಕು, "ನಿಮ್ಮ ಕಸುಬಲ್ಲಿ ಈ ಸದ್ದು ಬಂದ್ರೆ ರಿಪೇರಿ, ನಮ್ಮಲ್ಲಿ ನಿಂತ್ರೆ ರಿಪೇರಿ. ಕೂತು ಕೇಳ್ತಾ ಇರಿ, ನಿಂತ್ರೆ ಕೂಗಿ" ಎಂದು ಸ್ಟೂಲ್ ಹಾಕಿಕೊಟ್ಟರು.

ಮರುದಿನ ಮಧ್ಯಾಹ್ನ ಮಗು ಸೋಲತೊಡಗಿತು. ಕಿರಿಯ ವೈದ್ಯರು ಗಂಟಲಿಗಿಳಿಸುವ ನಳಿಕೆಯ ಪೊಟ್ಟಣ ಕೈಗೆತ್ತಿಕೊಂಡರು. ಆ ಎಳೆಯ ಶ್ವಾಸಕೋಶಕ್ಕೆ ನಳಿಕೆಯ ಮೂಲಕ ವೆಂಟಿಲೇಟರ್ ಯಂತ್ರದ ಒತ್ತಡ ಬಿದ್ದರೆ ಮಗು ತಡೆದುಕೊಳ್ಳುವುದೇ ಕಷ್ಟವೆಂದು ನಮಗೆಲ್ಲ ಭಯ. ಅಷ್ಟರಲ್ಲಿ ತಂದೆ, "ಮೇಡಂ, ಸದ್ದು ನಿಂತೋಯ್ತು!" ಎಂದು ಕೂಗಿದ. ಡಾಕ್ಟರಮ್ಮ ಧಾವಿಸಿ ನೋಡಿದರು: ಮಗುವಿನ ಬಾಯಿ ತೆರೆದುಕೊಂಡಿತ್ತು, ಗಾಳಿಯೆಲ್ಲ ಅಲ್ಲಿಂದಲೇ ಸೋರುತ್ತಿತ್ತು. ಕತ್ತಿನಡಿಯ ಬಟ್ಟೆಯ ಸುರುಳಿ ಸರಿಪಡಿಸಿ, ಗದ್ದವನ್ನು ಒಂದು ಬೆರಳಿನಿಂದ ಮೆಲ್ಲನೆ ಎತ್ತಿಹಿಡಿದರು. ಗುಳುಗುಳು ಮರಳಿತು. ಊಟದ ಹೊತ್ತು ಮೀರಿದರೂ, ಎದೆಯ ಸೆಳೆತ ಇಳಿಯುವವರೆಗೆ ಆ ಬೆರಳು ಕದಲಲಿಲ್ಲ. ಪೊಟ್ಟಣ ಒಡೆಯುವ ಪ್ರಮೇಯವೇ ಬರಲಿಲ್ಲ.

ನಾಳೆಯಿಂದ ಅವರು ಕಿರಿಯರಿಗೆ ಪಾಠ ಹೇಳಲಷ್ಟೇ ಬರುತ್ತಾರೆ. ತುಂಬು ಆಯುಷ್ಯವೂ ಗಟ್ಟಿ ಆರೋಗ್ಯವೂ ಅವರದಾಗಲಿ, ಆ ಪಾಠ ಎಂದೂ ನಿಲ್ಲದಿರಲಿ ಎಂದು ಹಾರೈಸುವಾಗ, ಆ ಮಗು ಮನೆಗೆ ಹೊರಡುವ ಕೆಲವು ದಿನ ಮೊದಲಿನ ಬೆಳಗೊಂದು ನನಗೆ ನೆನಪಾಗುತ್ತದೆ. ಡಾಕ್ಟರಮ್ಮ ತಾವೇ ಕೊಳವೆ ಬಿಡಿಸಿ ಗಾಳಿ ಬಂದ್ ಮಾಡಿದರು. ಸ್ಟೂಲಿನಲ್ಲಿ ತೂಕಡಿಸುತ್ತಿದ್ದ ತಂದೆ ದಡಬಡಿಸಿ ಎದ್ದು, "ನಿಂತೋಯ್ತು! ಮೇಡಂ, ನಿಂತೋಯ್ತು!" ಎಂದು ಅರಚಿದ.

"ನಾನೇ ಕಣಪ್ಪ ನಿಲ್ಲಿಸಿದ್ದು. ಇನ್ಮೇಲೆ ಅವಳ ಉಸಿರು ಅವಳದ್ದೇ."

ಆತ ಮಗಳ ಮುಖದ ಬಳಿ ಕಿವಿಯಿಟ್ಟು ಕೇಳಿದ. ಕೇಳುತ್ತಲೇ ಗೊಳೋ ಎಂದು ಅತ್ತ.